ರಿಜಿಸ್ಟರು ಮನೆಬಾಗಿಲಿಗೆ ಬಂದಾಗ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಜಾಪ್ರಭುತ್ವದಲ್ಲಿ ನಾಗರಿಕ ಸಮಾಜದ ಪಾತ್ರವೇನು ಎಂಬ ವಿಷಯದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿವು. ಪಂಚಾಯತ್ ಕಾನೂನು, ಮಾಹಿತಿ ಹಕ್ಕು, ಸಂಘಗಳ ನೋಂದಣಿ ಬಲ್ಲವರು ಉತ್ತರಿಸಿದ್ದಾರೆ. ಗ್ರಾಮಸಭೆಯ ಉತ್ತರ ಉದ್ದವಾಯಿತು. ಕೇಳಿದ್ದೂ ಅದನ್ನೇ ಹೆಚ್ಚು.

*

ಪ್ರಶ್ನೆ: ನಾಗರಿಕ ಸಮಾಜ ಅಂತ ಪೇಪರಿನಾಗ ದಿನಾ ಓದ್ತೀವಿ. ವೋಟು ಹಾಕಿ ಎಮ್ಮೆಲ್ಲೆನ ಆರಿಸೀವಿ. ವಿರೋಧ ಪಕ್ಷ ಅದ, ಕೋರ್ಟ್ ಅದ, ಪೇಪರ್ ಅದಾವ. ನಡುವ ಈ ಸಂಘ-ಸಂಸ್ಥಾದವರ ದುಕಾನ್ ಯಾಕ ಬೇಕು?
ಸೇಡಂ ತಾಲ್ಲೂಕಿನ ಓದುಗರು

ಉತ್ತರ: ದುಕಾನ್ ಇಟ್ಟುಕೊಂಡವರೂ ಇದ್ದಾರೆ, ಸುಳ್ಳಲ್ಲ. ಅವರ ಮಾತು ಮುಂದೆ ಬರುತ್ತದೆ. ಮೊದಲು ನಿಮ್ಮೂರಿನ ಸರ್ಕಾರಿ ಶಾಲೆಯ ಬಿಸಿಯೂಟದ ಒಲೆ ನೋಡಿ. ಆ ಒಲೆ ಯಾರು ಹೊತ್ತಿಸಿದ್ದು?

ಶಾಲೆಯ ಮಕ್ಕಳಿಗೆ ಆಹಾರ ಕೊಡುವ ಕೇಂದ್ರದ ಯೋಜನೆ 1995ರಲ್ಲೇ ಬಂದಿತ್ತು. ಆದರೆ ಬಹುಪಾಲು ರಾಜ್ಯಗಳು ಅಡುಗೆ ಮಾಡಿ ಬಡಿಸುವ ಬದಲು ತಿಂಗಳಿಗೆ 3 ಕೆ.ಜಿ. ಧಾನ್ಯ ಅಳೆದುಕೊಟ್ಟು ಕೈತೊಳೆದುಕೊಂಡಿದ್ದವು. 2001ರ ಏಪ್ರಿಲ್‌ನಲ್ಲಿ ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಪಿಯುಸಿಎಲ್ ಸಂಘಟನೆಯ ರಾಜಸ್ಥಾನ ಘಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದೆ, ಬರದ ಊರುಗಳಲ್ಲಿ ಜನ ಉಪವಾಸ ಬಿದ್ದಿದ್ದಾರೆ, ಇದು ಹೇಗೆ ಎಂಬುದು ಅದರ ಪ್ರಶ್ನೆ. 2001ರ ನವೆಂಬರ್ 28ರಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಬೇಯಿಸಿದ ಊಟ, ದಿನಕ್ಕೆ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೊಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಶುರುವಾಯಿತು. ಇಡೀ ರಾಜ್ಯದಲ್ಲಲ್ಲ, ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ. ಬೀದರ್ ಅದರಲ್ಲಿತ್ತು, ಗುಲಬರ್ಗಾ ಇತ್ತು. ಯಾದಗಿರಿ ಆಗಿನ್ನೂ ಗುಲಬರ್ಗಾದೊಳಗೇ ಇತ್ತು.

ಇಲ್ಲಿ ಯಾರ ಪಾಲು ಎಷ್ಟು ಅಂತ ಬಿಡಿಸಿ ನೋಡಿ. ಕೋರ್ಟಿಗೆ ಆದೇಶ ಕೊಡುವ ಬಲವಿದೆ, ಆದರೆ ಯಾರಾದರೂ ಕಾಗದಪತ್ರ ಜೋಡಿಸಿಕೊಂಡು ಬಾಗಿಲಿಗೆ ಬರಬೇಕು. ಪತ್ರಿಕೆಯ ಸುದ್ದಿಗೆ ಒಂದು ದಿನದ ಆಯುಷ್ಯ. ವಿರೋಧ ಪಕ್ಷಕ್ಕೆ ಮುಂದಿನ ಚುನಾವಣೆಯ ಲೆಕ್ಕ, ಮತ್ತು ಅಂದಿನ ಉಪವಾಸದ ರಾಜ್ಯಗಳಲ್ಲಿ ಆಳುತ್ತಿದ್ದವು ಬೇರೆ ಬೇರೆ ಪಕ್ಷಗಳು. ಒಂದೇ ವಿಷಯ ಹಿಡಿದು ವರ್ಷಗಟ್ಟಲೆ ಕೂರುವ ಪುರುಸೊತ್ತು, ಹಟ ಎರಡೂ ಇದ್ದದ್ದು ಸಂಘಟನೆಗಳಿಗೆ. ಆದೇಶ ಜಾರಿಯಾಗುತ್ತಿದೆಯೇ ಎಂದು ನೋಡಲು ಕೋರ್ಟ್ ಆಯುಕ್ತರನ್ನು ನೇಮಿಸಿದಾಗಲೂ ಊರೂರಿನ ವರದಿ ಅವರ ಕೈಗೆ ತಲುಪಿಸಿದವರು ಇಂಥವರೇ.

ಇನ್ನೊಂದು ಗುಟ್ಟು ಆ ಆದೇಶದ ಅಂಕಿಗಳಲ್ಲಿದೆ. 'ಮಕ್ಕಳಿಗೆ ಒಳ್ಳೆಯ ಆಹಾರ ಕೊಡಿ' ಎಂದಷ್ಟೇ ಇದ್ದಿದ್ದರೆ ಅದೇ 3 ಕೆ.ಜಿ. ಧಾನ್ಯದ ಚೀಲವನ್ನೇ ಒಳ್ಳೆಯ ಆಹಾರ ಅನ್ನಬಹುದಿತ್ತು. 300, 200 ಅಂತ ಬರೆದ ಮೇಲೆ ಯಾವ ಊರಿನ ತಾಯಿ ಬೇಕಾದರೂ ಎಣಿಸಿ ಕೇಳಬಹುದು. ಎಣಿಸಲು ಬಾರದ ಬೇಡಿಕೆಗೆ ಆಶ್ವಾಸನೆ ಸಿಗುತ್ತದೆ, ಅಷ್ಟೇ.

*

ಪ್ರಶ್ನೆ: ನಮ್ಮೂರಾಗ ಗ್ರಾಮಸಭಾ ಆಗೋದೇ ಇಲ್ರಿ. ಮನಿ ಮನಿಗಿ ರಿಜಿಸ್ಟರ್ ತಗೊಂಡು ಬರ್ತಾರ, 'ಸಹಿ ಹಾಕ್ರಿ, ಮನಿ ಬಂದಾವ' ಅಂತಾರ. ಆಮ್ಯಾಲ ಯಾರಿಗಿ ಮನಿ ಬಂತು, ಯಾವ ರೋಡ್ ಆಯ್ತು ಒಂದೂ ಗೊತ್ತಾಗಂಗಿಲ್ಲ. ಏನ್ ಮಾಡಬೇಕು?
ಯಾದಗಿರಿ ಜಿಲ್ಲೆಯ ಓದುಗರು

ಉತ್ತರ: ಸಹಿ ಹಾಕಬೇಡಿ. ಇದು ಮೊದಲ ಮಾತು. ಮನೆಬಾಗಿಲಲ್ಲಿ ಹಾಕಿದ ಸಹಿ ನಿಮ್ಮ ಒಪ್ಪಿಗೆಯಾಗಿ ಠರಾವಿನ ಪುಸ್ತಕದಲ್ಲಿ ಕೂರುತ್ತದೆ, ಆಮೇಲೆ 'ಗ್ರಾಮಸಭೆ ಆಗಿಲ್ಲ' ಎಂದು ದೂರು ಕೊಟ್ಟರೆ ನಿಮ್ಮ ಸಹಿಯನ್ನೇ ನಿಮಗೆ ತೋರಿಸುತ್ತಾರೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸಭೆಯನ್ನು ಜನ ಲೆಕ್ಕಕ್ಕೇ ಇಟ್ಟಿಲ್ಲ, ಅಲ್ಲೇ ಎಡವಟ್ಟು ಆಗುವುದು. ಮನೆಯ ಫಲಾನುಭವಿಗಳ ಪಟ್ಟಿ, ಚರಂಡಿ-ರಸ್ತೆಯ ಬೇಡಿಕೆ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ಗ್ರಾಮಸಭೆಗೆ ಬರುವ ಹೊತ್ತಿಗೆ ಪಟ್ಟಿ ಟೈಪಾಗಿರುತ್ತದೆ. ಅಲ್ಲಿ ಕೂಗಾಡಿದರೆ ಗದ್ದಲ ಆಗುತ್ತದೆ, ಹೆಸರು ಸೇರುವುದಿಲ್ಲ. ಹಾಗಾಗಿ ಹತ್ತು ಜನ ಹೋಗುವುದಿದ್ದರೆ ವಾರ್ಡ್ ಸಭೆಗೆ ಹೋಗಿ.

ಸಭೆಯ ಕಾಲವೂ ಒಂದು ವಿಷಯ. ತೊಗರಿ ರಾಶಿ ಮುಗಿದ ಮೇಲೆ ಅರ್ಧ ಊರು ಗುಳೆ ಹೋಗಿರುತ್ತದೆ. ಉಳಿದವರು ಮುದುಕರು, ಮಕ್ಕಳು. ಸಭೆ ಆಗಲೇ ಇಟ್ಟರೆ ಎದುರಾಡುವವರೇ ಇರುವುದಿಲ್ಲ. ರಾಶಿಗೆ ಮೊದಲೇ ದಿನ ಗೊತ್ತುಮಾಡಿ, ಡಂಗುರ ಸಾರಿಸಿ, ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಿ ಎಂದು ಅಧ್ಯಕ್ಷರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಲಿಖಿತ ಮನವಿ ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಬನ್ನಿ. ಸ್ವೀಕೃತಿ ಇಲ್ಲದ ಮನವಿ ಕೊಟ್ಟೂ ಕೊಡದಂತೆ.

ಸಭೆಗೆ ಮೊದಲು ಮೂರು ಕಾಗದ ಕೈಯಲ್ಲಿರಲಿ: ಹಿಂದಿನ ಎರಡು ಗ್ರಾಮಸಭೆಗಳ ನಡಾವಳಿ, ಈ ವರ್ಷದ ಕ್ರಿಯಾ ಯೋಜನೆ, ಮುಗಿದ ಕಾಮಗಾರಿಗಳ ಪಟ್ಟಿ ಮೊತ್ತದ ಸಮೇತ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಪಡೆಯಿರಿ, ಅದಕ್ಕೆ ತಿಂಗಳು ಬೇಕು, ಅಷ್ಟು ಮುಂಚೆ ಅರ್ಜಿ ಹಾಕಿ.

ಸಭೆಯಲ್ಲಿ ನಡೆಯುವ ಮೋಸಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ ತರಹದವು. ಸಭೆ ಶುರುವಾಗುವ ಮೊದಲೇ ಖಾಲಿ ಹಾಳೆಯ ಮೇಲೆ ಸಹಿ ತೆಗೆದುಕೊಳ್ಳುವುದು ಒಂದು. ಠರಾವು ಆಮೇಲೆ ಮೇಲ್ಗಡೆ ಬರೆದುಕೊಳ್ಳುತ್ತಾರೆ. ನೀವು ವಿಷಯ ಬರೆದ ಹಾಳೆಯ ಮೇಲೆ, ಸಭೆ ಮುಗಿದ ಮೇಲೆ ಸಹಿ ಹಾಕಿ. ಕಡೆಯ ಸಹಿಯ ಕೆಳಗೆ ಅಡ್ಡಗೆರೆ ಎಳೆಸಿ 'ಒಟ್ಟು 84 ಮಂದಿ, ಮಧ್ಯಾಹ್ನ 1.30ಕ್ಕೆ ಸಭೆ ಮುಕ್ತಾಯ' ಎಂದು ಅಂಕಿ ಬರೆಸಿ. ಈ ಒಂದು ಗೆರೆ ಉಳಿಸುವಷ್ಟು ಜಗಳ ಬೇರೇನೂ ಉಳಿಸದು. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಎಂಬ ಕೊನೆಯ ಕಲಮಿನೊಳಗೆ ಹೊಸ ಕಾಮಗಾರಿ ತೂರಿಸುವುದು ಇನ್ನೊಂದು. ಅದಕ್ಕೆ ಮದ್ದು, ಸಭೆ ಮುಗಿಸುವ ಮೊದಲು ಬರೆದ ಠರಾವುಗಳನ್ನೆಲ್ಲ ಗಟ್ಟಿಯಾಗಿ ಓದಿಸುವುದು. ನಿಮ್ಮ ಬೇಡಿಕೆಯನ್ನು ನೀವೇ ಒಂದು ವಾಕ್ಯದಲ್ಲಿ ಬರೆದುಕೊಂಡು ಹೋಗಿ: 'ವಾರ್ಡ್ 3ರಲ್ಲಿ ಹನುಮಾನ ಗುಡಿಯಿಂದ ಕೊಳವೆಬಾವಿಯವರೆಗೆ 120 ಮೀಟರ್ ಚರಂಡಿ.' 'ಚರಂಡಿ ಸಮಸ್ಯೆ ಬಗ್ಗೆ ಚರ್ಚಿಸಲಾಯಿತು' ಎಂದು ಬರೆದರೆ ಅದು ಠರಾವೇ ಅಲ್ಲ.

ರಸ್ತೆಯ ವಿಷಯಕ್ಕೆ ಬಂದರೆ, ಕೂಗಿಗಿಂತ ಟೇಪು ಮೇಲು. ಅಂದಾಜು ಪಟ್ಟಿಯ ನಕಲು ತೆಗೆಯಿರಿ. ಅದರಲ್ಲಿ ಸಿಸಿ ರಸ್ತೆ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ ಒಟ್ಟು 45 ಘನ ಮೀಟರ್ ಕಾಂಕ್ರೀಟು. ಸ್ಥಳದಲ್ಲಿ ದಪ್ಪ 10 ಸೆಂಟಿಮೀಟರ್ ಇದ್ದರೆ ಹಾಕಿದ್ದು 30 ಘನ ಮೀಟರ್ ಮಾತ್ರ. ಮೂರರಲ್ಲೊಂದು ಪಾಲು ಕಾಗದದ ಮೇಲೇ ಉಳಿಯಿತು. ಒಂದಕ್ಕೆ ಒಂದೂವರೆ ಉಸುಕು, ಮೂರು ಖಡಿ ಎಂಬ ಮಿಶ್ರಣವಾದರೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು. 15 ಘನ ಮೀಟರ್ ಅಂದರೆ 120 ಚೀಲ. ಆದರೆ ರಸ್ತೆ ಒಣಗಿದ ಮೇಲೆ ಅಂಚಿನಲ್ಲಿ ಅಳೆದು ನಂಬಬೇಡಿ: ಅಂಚು ದಪ್ಪ, ನಡುವೆ ತೆಳು ಹಾಕುವುದು ಹಳೆಯ ವಿದ್ಯೆ. ಕೆಲಸ ನಡೆಯುವಾಗಲೇ, ಕಾಂಕ್ರೀಟು ಹಾಕುವ ಮುನ್ನ ಎರಡು ಬದಿಯ ಹಲಗೆಗೆ ದಾರ ಕಟ್ಟಿ ನಡುವೆ ಐದಾರು ಕಡೆ ಆಳ ನೋಡಿ, ಫೋಟೊ ತೆಗೆಯಿರಿ. ಬಿಲ್ಲು ಪಾಸಾಗುವುದು ಎಂಜಿನಿಯರ್ ಬರೆಯುವ ಅಳತೆ ಪುಸ್ತಕದ ಮೇಲೆ. ಆ ಪುಟದ ನಕಲನ್ನೂ ನಿಮ್ಮ ಅಳತೆಯನ್ನೂ ಪಕ್ಕಪಕ್ಕ ಇಟ್ಟು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಅಲ್ಲಿ ಆಗದಿದ್ದರೆ ಜಿಲ್ಲಾ ಪಂಚಾಯಿತಿ ಸಿಇಒಗೆ ಕೊಡಿ.

ಇನ್ನು ಜಮಾಬಂದಿ. ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ, ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ, ಕಡತ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಏರ್ಪಾಡು ಕರ್ನಾಟಕದ್ದೇ. ಊರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಆ ದಿನ ಯಾವುದೆಂದೇ ತಿಳಿದಿರುವುದಿಲ್ಲ. ಜುಲೈನಲ್ಲೇ ಪಂಚಾಯಿತಿಗೆ ಹೋಗಿ ದಿನ ಕೇಳಿ.

*

ಪ್ರಶ್ನೆ: ನಮ್ಮ ಯುವಕ ಸಂಘದ ಲೆಟರ್‌ಹೆಡ್‌ನಲ್ಲಿ ಹತ್ತು ವರ್ಷದ ಎಲ್ಲಾ ಯೋಜನೆಗಳ ಮಾಹಿತಿ ಕೇಳಿ ಅರ್ಜಿ ಹಾಕಿದೆವು. ತಿರಸ್ಕಾರ ಆಯಿತು. ಇನ್ನೊಂದು ಅರ್ಜಿಗೆ 'ವೈಯಕ್ತಿಕ ಮಾಹಿತಿ' ಎಂದು ಹಿಂಬರಹ ಬಂದಿದೆ.
ಚಿಂಚೋಳಿ ತಾಲ್ಲೂಕಿನ ಓದುಗರು

ಉತ್ತರ: ಮೊದಲನೆಯದರಲ್ಲಿ ತಪ್ಪು ನಿಮ್ಮ ಕಡೆಯೂ ಇದೆ. ಮಾಹಿತಿ ಹಕ್ಕು ಕಾಯ್ದೆ, 2005 ಹಕ್ಕು ಕೊಟ್ಟಿರುವುದು ನಾಗರಿಕರಿಗೆ, ಸಂಘಕ್ಕಲ್ಲ. ಅರ್ಜಿಯನ್ನು ಒಬ್ಬರ ಹೆಸರಿನಲ್ಲಿ, ಮನೆ ವಿಳಾಸ ಕೊಟ್ಟು ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. 'ಹತ್ತು ವರ್ಷ, ಎಲ್ಲ ಯೋಜನೆ' ಎಂಬುದನ್ನು ಮೂವರು ಮೂರು ಅರ್ಜಿಯಾಗಿ ಒಡೆಯಿರಿ. ಒಬ್ಬರದೇ ಹೆಸರು ಪ್ರತಿ ಅರ್ಜಿಯಲ್ಲೂ ಇದ್ದರೆ ಒತ್ತಡವೂ ಅವರೊಬ್ಬರ ಮೇಲೇ ಬೀಳುತ್ತದೆ. ಹಂಚಿಕೊಳ್ಳುವುದು ಜಾಣತನ.

'ಏಕೆ ಮಾಡಿಲ್ಲ?' ಎಂದು ಕೇಳಬೇಡಿ. ಕಡತದಲ್ಲಿ ಇರುವುದು ಮಾತ್ರ ಮಾಹಿತಿ. ಹೀಗೆ ಕೇಳಿ: '2024-25ನೇ ಸಾಲಿನಲ್ಲಿ ಇಂಥ ಗ್ರಾಮದ ಸಿಸಿ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲುಗಳ ದೃಢೀಕೃತ ನಕಲು.' ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ತಪ್ಪು ಕಚೇರಿಗೆ ಅರ್ಜಿ ಹೋಗಿದ್ದರೆ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು.

ಆಮೇಲೆ ಎಲ್ಲ ತಾರೀಖಿನ ಆಟ. 30 ದಿನಕ್ಕೆ ಉತ್ತರ ಬರಬೇಕು, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಉತ್ತರವೇ ಬಾರದಿದ್ದರೆ ಅದನ್ನು ನಿರಾಕರಣೆ ಎಂದೇ ತಿಳಿದು ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅವರಿಗೆ 30 ದಿನ, ಕಾರಣ ಬರೆದರೆ 45. ಅಲ್ಲಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಬಹಳ ಜನ ಸೋಲುವುದು ಮೊದಲ ಮೇಲ್ಮನವಿಯಲ್ಲಿ: 'ಇವತ್ತು ಕೊಡ್ತೀವಿ, ನಾಳೆ ಕೊಡ್ತೀವಿ' ಎಂಬ ಮಾತು ನಂಬಿ 30 ದಿನ ಕಳೆಯುತ್ತಾರೆ. ಗಡುವು ಮೀರಿ ಕೊಟ್ಟ ಮಾಹಿತಿಗೆ ನಕಲಿನ ದುಡ್ಡು ಕೇಳುವಂತಿಲ್ಲ ಎಂಬುದೂ ನೆನಪಿರಲಿ. ಸಕಾರಣವಿಲ್ಲದ ವಿಳಂಬಕ್ಕೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಎರಡನೆಯ ಹಿಂಬರಹ ನಿಜಕ್ಕೂ ಯೋಚಿಸಬೇಕಾದದ್ದು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2023ರ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಗೆ ಮೊದಲಿದ್ದ ಷರತ್ತುಗಳನ್ನು ತೆಗೆದುಹಾಕಲಾಗಿದೆ. ನಮ್ಮ ಅಭಿಪ್ರಾಯದಲ್ಲಿ ಊರಿನ ಜನರಿಗೆ ಇದರಿಂದ ಆಗಿರುವುದು ನಷ್ಟವೇ, ಫಲಾನುಭವಿಗಳ ಪಟ್ಟಿ ಬಚ್ಚಿಡಲು ಒಂದು ಪರದೆ ಸಿಕ್ಕಂತಾಗಿದೆ. ಆದರೆ ಎರಡು ದಾರಿ ಇನ್ನೂ ತೆರೆದಿವೆ. 4(1)(ಬಿ) ಕಲಮಿನ 12ನೇ ಅಂಶದಂತೆ ಸಹಾಯಧನ ಯೋಜನೆಗಳ ಮೊತ್ತ, ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು. ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುವ 8(2) ಹಾಗೆಯೇ ಇದೆ. ಮೇಲ್ಮನವಿಯಲ್ಲಿ ಈ ಎರಡನ್ನೂ ಹೆಸರಿಸಿ. ಆಧಾರ್, ಫೋನು, ಬ್ಯಾಂಕ್ ಖಾತೆ ನಂಬರು ಬೇಡ ಎಂದು ನೀವಾಗಿಯೇ ಬರೆದರೆ ನಿರಾಕರಿಸಲು ಕಾರಣ ಕಡಿಮೆಯಾಗುತ್ತದೆ.

*

ಪ್ರಶ್ನೆ: ಸಂಘ ನೋಂದಣಿ ಮಾಡಿಸದೆ ಇಂಥ ಕೆಲಸ ಮಾಡಬಹುದೇ? ಮಾಡಿಸುವುದಾದರೆ ಹೇಗೆ?
ಭಾಲ್ಕಿ ತಾಲ್ಲೂಕಿನ ಓದುಗರು

ಉತ್ತರ: ಮಾಡಬಹುದು. ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ)ಯಲ್ಲಿದೆ, ರಿಜಿಸ್ಟ್ರಾರ್ ಕಚೇರಿಯಲ್ಲಿಲ್ಲ. ಅರ್ಜಿ, ಗ್ರಾಮಸಭೆ, ಮನವಿಗೆ ನೋಂದಣಿ ಬೇಕಾಗಿಲ್ಲ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಜಾಗ, ದೇಣಿಗೆ ಎಂದು ಬಂದಾಗ ಬೇಕು.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ 18 ವರ್ಷ ತುಂಬಿದ ಕನಿಷ್ಠ 7 ಮಂದಿ ಸೇರಬೇಕು. ಉದ್ದೇಶಪತ್ರ, ಉಪನಿಯಮ, ಸದಸ್ಯರ ಗುರುತು ಮತ್ತು ವಿಳಾಸದ ದಾಖಲೆ, ಕಚೇರಿ ಜಾಗದ ಒಪ್ಪಿಗೆಪತ್ರ ಇಟ್ಟುಕೊಂಡು ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ತಯಾರಿ ಉಪನಿಯಮ ತಂದು ಹೆಸರು ಬದಲಿಸಿ ಕೊಡುವವರೇ ಹೆಚ್ಚು. ಕೆಲಸ ಕೆಡುವುದೂ ಅಲ್ಲಿಂದಲೇ. ಉಪನಿಯಮದಲ್ಲಿ ಇಷ್ಟಾದರೂ ನಿಮ್ಮದೇ ಮಾತಿನಲ್ಲಿ ಇರಲಿ: ಸದಸ್ಯರಾಗುವುದು ಹೇಗೆ, ತೆಗೆಯುವುದು ಹೇಗೆ, ಕಾರ್ಯಕಾರಿ ಸಮಿತಿಯ ಅವಧಿ ಎಷ್ಟು, ಕೋರಂ ಎಷ್ಟು, ಚೆಕ್ಕಿಗೆ ಯಾವ ಇಬ್ಬರ ಸಹಿ, ಸಂಘ ಮುಚ್ಚಿದರೆ ಆಸ್ತಿ ಅಂಥದೇ ಉದ್ದೇಶದ ಬೇರೆ ಸಂಘಕ್ಕೆ ಹೋಗಬೇಕು ಎಂಬುದು. ಏಳು ಜನರಲ್ಲಿ ಗಂಡ, ಹೆಂಡತಿ, ತಮ್ಮ, ಅಳಿಯ ಎಲ್ಲ ಒಂದೇ ಮನೆಯವರಾದರೆ ಸೇಡಂ ಓದುಗರು ಅಂದ ದುಕಾನ್ ಅದೇ.

ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಅದಾದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೊದಲ ವರ್ಷ ಹುರುಪಿನಿಂದ ಸಲ್ಲಿಸುತ್ತಾರೆ, ಎರಡನೆಯ ವರ್ಷ ಆಡಿಟರ್ ಫೀಜಿಗೆ ದುಡ್ಡಿಲ್ಲ, ಮೂರನೆಯ ವರ್ಷ ಮರೆಯುತ್ತಾರೆ. ಐದನೆಯ ವರ್ಷ ಸರ್ಕಾರದಿಂದ ಒಂದು ಜಾಗ ಮಂಜೂರಾಗುವ ಸುದ್ದಿ ಬಂದಾಗ ಇಬ್ಬರು ಅಧ್ಯಕ್ಷರು ಹುಟ್ಟುತ್ತಾರೆ. ಆಗ ಕಚೇರಿ ಮೊದಲು ತೆಗೆದು ನೋಡುವುದು ಕೊನೆಗೆ ಸಲ್ಲಿಸಿದ ಪಟ್ಟಿ. ಒಳಗಿನವರಿಗೇ ಅನುಮಾನ ಬಂದರೆ, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಸದಸ್ಯರು 25ನೇ ಕಲಮಿನಡಿ ವಿಚಾರಣೆ ಕೋರಬಹುದು.

ದೇಣಿಗೆಗೆ ಕ್ರಮಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ, ಅದರಲ್ಲಿ ಕೆಟ್ಟ ಹಾಳೆಯನ್ನೂ ಹರಿಯದೆ 'ರದ್ದು' ಎಂದು ಬರೆದು ಇಟ್ಟುಕೊಳ್ಳುವುದು. ಖರ್ಚಿಗೆ ವೋಚರು. ವರ್ಷದ ಜಮಾಖರ್ಚು ಒಂದು ಹಾಳೆ ಗುಡಿಯ ಗೋಡೆಗೋ ಪಂಚಾಯಿತಿ ಫಲಕಕ್ಕೋ ಅಂಟಿಸಿ. ಪಿಡಿಒಗೆ ಲೆಕ್ಕ ಕೇಳುವವರ ಲೆಕ್ಕ ಮುಚ್ಚಿದ್ದರೆ ಮೊದಲ ಸಭೆಯಲ್ಲೇ ಬಾಯಿ ಕಟ್ಟುತ್ತದೆ.

*

ಪ್ರಶ್ನೆ: ತಮ್ಮ ದುಬೈನಾಗ ಇದ್ದಾನ, ಅಕ್ಕನ ಮಗ ಅಮೆರಿಕಾದಾಗ. ಇಬ್ಬರೂ ಗ್ರಂಥಾಲಯಕ್ಕ ರೊಕ್ಕ ಕೊಡ್ತೀನಿ ಅಂತಾರ. ತಗೊಬಹುದಾ?
ಹುಮನಾಬಾದ್ ತಾಲ್ಲೂಕಿನ ಓದುಗರು

ಉತ್ತರ: ಪಾಸ್‌ಪೋರ್ಟ್ ನೋಡಿ. ತಮ್ಮನದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಕ್ಕನ ಮಗ ಅಮೆರಿಕದ ಪೌರನಾಗಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅವನ ದುಡ್ಡು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಘ ಅದನ್ನು ಒಂದು ರೂಪಾಯಿಯೂ ಮುಟ್ಟಬಾರದು. ಆ ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷದ ಹಳೆಯ ಸಂಘ, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿಯ ಕೆಲಸ ಬೇಕು. ಹಣ ಬರುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಊರಿನ ಗ್ರಂಥಾಲಯಕ್ಕೆ ಇಷ್ಟು ರಾದ್ಧಾಂತ ಬೇಡ, ತಮ್ಮನ ರೊಕ್ಕ ಸಾಕು.

*

ಪ್ರಶ್ನೆ: ಮಠ, ಜಾತಿ ಸಂಘಗಳನ್ನು ನಾಗರಿಕ ಸಮಾಜ ಎನ್ನಬಹುದೇ? ಅವು ಮತ ಬ್ಯಾಂಕುಗಳಲ್ಲವೇ?
ಬಸವಕಲ್ಯಾಣದ ಓದುಗರು

ಉತ್ತರ: ಸರ್ಕಾರವೂ ಅಲ್ಲದ, ಲಾಭದ ವ್ಯಾಪಾರವೂ ಅಲ್ಲದ, ಮನೆಯೂ ಅಲ್ಲದ ಜಾಗ ಎಂಬ ಅರ್ಥದಲ್ಲಿ ಅವು ಅಲ್ಲೇ ಬರುತ್ತವೆ. ಬೇಡವೆಂದರೆ ನಮ್ಮ ಭಾಗದಲ್ಲಿ ಉಳಿಯುವುದು ತೀರ ಕಡಿಮೆ: ಅನ್ನ ಇಕ್ಕಿದ್ದು, ಶಾಲೆ ತೆರೆದದ್ದು, ಹಾಸ್ಟೆಲ್ ಕಟ್ಟಿದ್ದು ಬಹುಪಾಲು ಮಠ, ದರ್ಗಾ, ಚರ್ಚು, ಸಮಾಜಗಳೇ. 'ಅಕ್ಷರ ದಾಸೋಹ' ಎಂಬ ಹೆಸರಿನ ದಾಸೋಹವೂ ಅಲ್ಲಿಂದಲೇ ಬಂದ ಮಾತು.

ಆದರೆ ನಾಗರಿಕ ಸಮಾಜ ಒಂದೇ ದನಿಯಲ್ಲಿ ಮಾತಾಡುತ್ತದೆ ಎಂದುಕೊಂಡರೆ ತಪ್ಪು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಬೇಡವೆಂದರು, ವಿದ್ಯಾರ್ಥಿ ಸಂಘಟನೆಗಳು, ಮಕ್ಕಳ ಹಕ್ಕಿನವರು ಬೇಕೆಂದರು. ಎರಡೂ ಕಡೆಯವರು ನಾಗರಿಕ ಸಮಾಜವೇ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂಬ ದಾರಿ ಇತ್ತು, ಮೊಟ್ಟೆ ನಿಲ್ಲಲಿಲ್ಲ, ಮುಂದೆ ಉಳಿದ ಜಿಲ್ಲೆಗಳಿಗೂ ಹೋಯಿತು. ಇಂಥ ಕಡೆ ನಾವು ಕೇಳುವ ಪ್ರಶ್ನೆ ಒಂದೇ: ಈ ಸಂಘ ತನಗೆ ಬೇಡದ್ದನ್ನು ಬೇಡ ಎನ್ನುತ್ತಿದೆಯೋ, ಪಕ್ಕದವನ ತಟ್ಟೆಯಿಂದಲೂ ತೆಗೆಯಬೇಕು ಎನ್ನುತ್ತಿದೆಯೋ? ಎರಡನೆಯದಾದರೆ ಹೆಸರು ಏನೇ ಇರಲಿ, ಪ್ರಜಾಪ್ರಭುತ್ವಕ್ಕೆ ಅದರಿಂದ ಉಪಕಾರವಿಲ್ಲ. ಒಳಗೆ ಚುನಾವಣೆ ಇದೆಯೇ, ಹೆಂಗಸರು ಸಮಿತಿಯಲ್ಲಿದ್ದಾರೆಯೇ, ಲೆಕ್ಕ ಓದುತ್ತಾರೆಯೇ ಎಂದೂ ನೋಡಿ. ಜಾತಿ ಸಂಘಗಳಲ್ಲಿ ಇವು ಅಪರೂಪ, ಹೆಸರಾಂತ ಎನ್‌ಜಿಒಗಳಲ್ಲೂ ಹೇರಳವೇನಲ್ಲ.

*

ಪ್ರಶ್ನೆ: 371(ಜೆ) ಸಿಕ್ಕಿತಲ್ಲ, ಇನ್ನು ಹೋರಾಟ ಸಮಿತಿಗಳಿಗೆ ಏನು ಕೆಲಸ?
ಕಲಬುರಗಿ ನಗರದ ಓದುಗರು

ಉತ್ತರ: ಮೊದಲಿನ ಕೆಲಸಕ್ಕಿಂತ ಬೇಸರದ್ದು, ಹಾಗಾಗಿಯೇ ಮಾಡುವವರಿಲ್ಲ. ವೈಜನಾಥ ಪಾಟೀಲರ ಮುಂದಾಳತ್ವದ ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿ ಮತ್ತು ಇತರರು ದಶಕಗಳ ಕಾಲ ಕೇಳಿದ ಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಸೇರಿತು. ಅದಕ್ಕೆ ಬಲ ಕೊಟ್ಟದ್ದು ಬರೀ ಧರಣಿಯಲ್ಲ, ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯ 2002ರ ವರದಿಯೂ ಹೌದು: ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು ಎಂದು ಅದು ಎಣಿಸಿ ಕೊಟ್ಟಿತ್ತು.

ಈಗ 371(ಜೆ) ಕಲಮನ್ನೇ ಓದಿ. ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂದು ಅದರಲ್ಲೇ ಇದೆ. ಆ ವರದಿ ಇಟ್ಟರೇ, ಯಾವಾಗ ಇಟ್ಟರು, ಚರ್ಚೆಯಾಯಿತೇ ಎಂದು ನಿಮ್ಮ ಶಾಸಕರನ್ನು ಕೇಳಿ. ನಿಮ್ಮ ತಾಲ್ಲೂಕಿಗೆ ಮಂಡಳಿಯ ಹಂಚಿಕೆ ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು ಎಂಬ ಮೂರು ಅಂಕಿಗಳನ್ನು ಬೇರೆ ಬೇರೆ ಪಡೆಯಿರಿ. ಭಾಷಣದಲ್ಲಿ ಬರುವುದು ಮೊದಲನೆಯದು, ಊರಿಗೆ ಬರುವುದು ಮೂರನೆಯದು. ಮಾರ್ಚಿನಲ್ಲಿ ಕೇಳಿದರೆ ಬಿಲ್ಲುಗಳ ನೂಕುನುಗ್ಗಲು ಮಾತ್ರ ಕಾಣುತ್ತದೆ, ನವೆಂಬರಿನಲ್ಲಿ ಕೇಳಿದರೆ ಇನ್ನೂ ತಿದ್ದಲು ನಾಲ್ಕು ತಿಂಗಳಿರುತ್ತದೆ.

*

ಪ್ರಶ್ನೆ: ಅಂಬೇಡ್ಕರರೇ ಧರಣಿ-ಸತ್ಯಾಗ್ರಹ ಬೇಡ ಅಂದಿದ್ದರು ಎಂದು ಒಬ್ಬ ಅಧಿಕಾರಿ ನಮಗೆ ಹೇಳಿದರು. ನಿಜವೇ?
ಸುರಪುರ ತಾಲ್ಲೂಕಿನ ಓದುಗರು

ಉತ್ತರ: ಅರ್ಧ. 1949ರ ನವೆಂಬರ್ 25ರ ಭಾಷಣದಲ್ಲಿ, ಸಂವಿಧಾನದ ದಾರಿಗಳು ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದದ್ದು ಹೌದು. ಅದೇ ಸಂವಿಧಾನ 19(1)(ಬಿ)ಯಲ್ಲಿ ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಕೊಟ್ಟಿದೆ. ಶಾಂತಿಯ ಧರಣಿ ಸಂವಿಧಾನದ ದಾರಿಯೇ. ದಾರಿ ತೆರೆದಿದೆ ಎನ್ನುವ ಅಧಿಕಾರಿ ನಿಮ್ಮ ಮನವಿಗೆ ಹಿಂಬರಹ ಕೊಟ್ಟಿದ್ದಾರೆಯೇ ಎಂದೂ ಕೇಳಬಹುದು.

ಪೊಲೀಸರಿಗೆ ಮುಂಚಿತವಾಗಿ ದಿನ, ಹೊತ್ತು, ಜಾಗ, ಅಂದಾಜು ಜನ, ಮೆರವಣಿಗೆಯ ದಾರಿ ಬರೆದು ಕೊಡಿ, ಮೈಕಿಗೆ ಬೇರೆ ಅನುಮತಿ. ನಿಷೇಧಾಜ್ಞೆ ಇದೆ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಆ ಆದೇಶದ ಪ್ರತಿ ಕೇಳಿ. ಹಿಂದಿನ 144 ಅದೇ. ಮನವಿಪತ್ರ ಒಂದು ಪುಟ, ಬೇಡಿಕೆ ಮೂರಕ್ಕಿಂತ ಹೆಚ್ಚಿಲ್ಲ. ಇಪ್ಪತ್ತೆರಡು ಬೇಡಿಕೆಯ ಮನವಿಯನ್ನು ಫೋಟೊ ಮುಗಿದ ಮೇಲೆ ಯಾರೂ ಓದುವುದಿಲ್ಲ.

*

ಪ್ರಶ್ನೆ: ನಾವು ಮೂವರೇ ಇದ್ದೀವಿ, ಮೂವರೂ ತಾಯಂದಿರು. ದೊಡ್ಡ ಮಾತು ಬ್ಯಾಡ, ಎಲ್ಲಿಂದ ಶುರು ಮಾಡಬೇಕು?
ಅಫಜಲಪುರ ತಾಲ್ಲೂಕಿನ ಓದುಗರು

ಉತ್ತರ: ಶಾಲೆಯ ಅಡುಗೆಮನೆಯಿಂದ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಎಸ್‌ಡಿಎಂಸಿಯಲ್ಲಿ ಯಾರ್‍ಯಾರ ಹೆಸರಿದೆ, ಅವರಿಗೆ ತಾವು ಸದಸ್ಯರೆಂದು ಗೊತ್ತಿದೆಯೇ ಎಂದು ಮೊದಲು ನೋಡಿ.

ಬಿಸಿಯೂಟದ ರಾಷ್ಟ್ರೀಯ ಮಾಪನ ಸುಲಭ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. ಆರರಿಂದ ಎಂಟಕ್ಕೆ 150, 30, 75, 7.5. ಚಿಕ್ಕ ಮಕ್ಕಳು 60 ಮಂದಿ ಹಾಜರಿದ್ದರೆ 6 ಕೆ.ಜಿ. ಅಕ್ಕಿ, 1 ಕೆ.ಜಿ. 200 ಗ್ರಾಂ ಬೇಳೆ, 3 ಕೆ.ಜಿ. ತರಕಾರಿ, 300 ಗ್ರಾಂ ಎಣ್ಣೆ. ತೊಗರಿಯ ನಾಡಿನ ಹೆಂಗಸರಿಗೆ ಸಾರು ನೋಡಿದರೇ ಬೇಳೆ ಎಷ್ಟು ಬಿದ್ದಿದೆ ಎಂದು ತಿಳಿಯುತ್ತದೆ, ಆದರೂ ತಕ್ಕಡಿ ಇಡಿ. ವಾರಕ್ಕೆ ಒಂದು ದಿನ, ಯಾವ ದಿನ ಎಂದು ಮೊದಲೇ ಹೇಳದೆ, ಹಾಜರಿ ಪುಸ್ತಕದ ಸಂಖ್ಯೆ, ಕೂತು ಉಂಡ ಮಕ್ಕಳ ತಲೆಎಣಿಕೆ, ತೂಕ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಂಟು ವಾರ ಬರೆದ ಮೇಲೆ ಮುಖ್ಯಗುರುಗಳ ಮುಂದಿಡಿ, ಮೊದಲ ವಾರಕ್ಕೇ ಜಗಳಕ್ಕೆ ಹೋಗಬೇಡಿ.

ಅಡುಗೆಯವರ ಮೇಲೆ ಎರಗಬೇಡಿ. ಕಡಿಮೆ ಗೌರವಧನಕ್ಕೆ ದುಡಿಯುವ ನಿಮ್ಮೂರಿನ ಹೆಂಗಸರೇ ಅವರು, ನಾಲ್ಕನೆಯವರಾಗಿ ನಿಮ್ಮ ಜತೆ ಬಂದಾರು. ಬೇಳೆ ಕಡಿಮೆ ಬಿದ್ದರೆ ಅದು ಒಲೆಯ ಹತ್ತಿರವೇ ಕಡಿಮೆಯಾಗಿರಬೇಕಿಲ್ಲ. ಗೋದಾಮಿನಿಂದ 50 ಕೆ.ಜಿ. ಎಂದು ಬರುವ ಚೀಲವನ್ನು ಬಿಚ್ಚುವ ಮೊದಲೇ ತೂಗಿ.